ಸಿಂಹದ ನಾಣ್ಯಕ್ಕೆ ಇಸವಿ ಹುಡುಕಿದ ಬಗೆ

ಅಗಲ 26 ಮಿಲಿಮೀಟರ್. ತೂಕ 7.94 ಗ್ರಾಂ. ಮೈಯೆಲ್ಲ ಕಪ್ಪು, ಅಂಚಿನಲ್ಲಿ ಅಲ್ಲಲ್ಲಿ ಹಸಿರು ಕಿಲುಬು. ಒಂದು ಕಡೆ ಎಲೆಗಳ ಹಾರದ ನಡುವೆ ಕತ್ತಿ ಹಿಡಿದು ನಿಂತ ಸಿಂಹ, ಅದರ ಬೆನ್ನ ಹಿಂದೆ ಸೂರ್ಯ. ಇನ್ನೊಂದು ಕಡೆ ಅರಬ್ಬಿ ಥರ ಕಾಣುವ ಬರಹ. ಮೇಲ್ತುದಿಗೆ ಯಾರೋ ಕೊಂಡಿ ಬೆಸೆದು ಪದಕ ಮಾಡಿದ್ದರು. ಈಗ ಆ ಕೊಂಡಿ ಮುರಿದಿದೆ. ಬೆಸುಗೆಯ ಗಂಟು ಮಾತ್ರ ಉಳಿದು, ಅಲ್ಲಿದ್ದ ಅಕ್ಷರಗಳನ್ನು ನುಂಗಿಬಿಟ್ಟಿದೆ. ಇಸವಿಯ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ಸ್ಪಷ್ಟ, ಕೊನೆಯ ಎರಡು ಸವೆದಿವೆ.

ಕೊಡಗಿನ ನಾಪೋಕ್ಲು ಕಡೆಯ ಒಂದು ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಮೂಲ ಮನೆಯ ಅಟ್ಟದಲ್ಲಿ, ಹಳೇ ಕಬ್ಬಿಣದ ಟ್ರಂಕಿನಲ್ಲಿ ಸಿಕ್ಕಿದ್ದು ಇದು. ತಂದುಕೊಟ್ಟವರು ನಾನು ಮಾವ ಅಂತ ಕರೆಯುವ ಹಿರಿಯರು. ಕೊಂಡಿ ಸರಿ ಮಾಡಿಸಿ ಮೊಮ್ಮಗಳಿಗೆ ಕೊಡಬೇಕು ಅನ್ನೋದು ಅವರ ಆಸೆ. "ಅದಕ್ಕೆ ಮೊದ್ಲು ಇದು ಯಾರು ತಂದದ್ದು ಅಂತ ಗೊತ್ತಾಗ್ಬೇಕು ಮಗಾ" ಅಂದರು. ಅವರ ಮನೆಯಿಂದ ಎರಡು ತಲೆಮಾರು ಸೈನ್ಯಕ್ಕೆ ಹೋಗಿತ್ತು. ಅವರ ಅಜ್ಜ ಮೊದಲ ಮಹಾಯುದ್ಧಕ್ಕೆ, ಅಪ್ಪ ಎರಡನೆಯದಕ್ಕೆ. ನಾಣ್ಯವನ್ನು ತಂದದ್ದು ಅಜ್ಜ ಅಂತ ಮನೆಯಲ್ಲಿ ಕೆಲವರು, ಅಲ್ಲ ಅಪ್ಪ ಅಂತ ಕೆಲವರು. ಎರಡೂ ಯುದ್ಧಗಳಲ್ಲಿ ಭಾರತೀಯ ಪಡೆಗಳು ಇರಾಕ್ ಮತ್ತು ಪರ್ಷಿಯಾ ಕಡೆ ಇದ್ದವು. ಹಾಗಾಗಿ ದೇಶ ಗೊತ್ತಾದರೆ ಸಾಲದು, ಇಸವಿಯೇ ಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ. ಹಳೇ ನಾಣ್ಯ ಆದರೆ ಇಬ್ಬರಲ್ಲಿ ಯಾರು ಬೇಕಾದರೂ ತಂದಿರಬಹುದು, ಯಾಕೆಂದರೆ ಬೆಳ್ಳಿ ನಾಣ್ಯ ದಶಕಗಟ್ಟಲೆ ಕೈಯಿಂದ ಕೈಗೆ ಓಡಾಡುತ್ತೆ. ಹೊಸದಾದರೆ ಅಜ್ಜನ ಮಾತು ಬರೋದೇ ಇಲ್ಲ. ಅಂದರೆ ಒಂದು ಬಗೆಯ ಉತ್ತರ ಸಿಕ್ಕರೆ ಮಾತ್ರ ವಿಷಯ ತೀರ್ಮಾನ ಆಗುತ್ತೆ. ಅದು ತಲೆಯಲ್ಲಿ ಇಟ್ಟುಕೊಂಡೇ ಕೆಲಸ ಶುರು ಮಾಡಿದೆ.

ಮೊದಲು ಮುಟ್ಟದೇ ಇರೋದು

ನಮ್ಮ ಕಡೆ ಹಿತ್ತಾಳೆ, ತಾಮ್ರ ಕಪ್ಪಾದರೆ ಹುಣಸೆಹಣ್ಣು ಹಾಕಿ ಉಜ್ಜುತ್ತಾರೆ. ಮನೆಯವರು ಕಾಚಂಪುಳಿ ಹಾಕಿ ನೋಡೋಣ ಅಂದರು. ನಾನು ಕೈ ಮುಗಿದು ಬೇಡ ಅಂದೆ. ಕಾಚಂಪುಳಿ ಒಳ್ಳೇ ಹುಳಿ, ಪಂದಿಕರಿಗೆ ಅದೇ ಬೇಕು. ಆದರೆ ಹುಳಿ ಬರೀ ಕೊಳೆ ತೆಗೆಯೋದಿಲ್ಲ, ಬೆಳ್ಳಿಯ ಜೊತೆ ಬೆರೆತ ತಾಮ್ರವನ್ನೂ ಮೇಲ್ಮೈಯಿಂದ ತಿಂದು ಹಾಕುತ್ತೆ. ಟೂತ್‌ಪೇಸ್ಟ್, ವಿಭೂತಿ ಉಜ್ಜಿದರೆ ಇನ್ನೂ ಕಷ್ಟ. ಅವುಗಳ ಪುಡಿ ಗೀರು ಹಾಕುತ್ತೆ. ಸವೆದ ಅಂಕಿಯ ಮೇಲೆ ಉಳಿದಿರೋದು ಕೂದಲೆಳೆಯಷ್ಟು ಉಬ್ಬು. ಒಂದು ಸಲ ಉಜ್ಜಿದರೆ ಅದೂ ಹೋಯಿತು, ಆಮೇಲೆ ಯಾರು ಬಂದರೂ ಇಸವಿ ಓದೋಕಾಗಲ್ಲ.

ಕಪ್ಪು ಬಣ್ಣದಿಂದ ತೊಂದರೆ ಇಲ್ಲ. ಅದು ಗಾಳಿಯ ಗಂಧಕ ಬೆಳ್ಳಿಗೆ ಹಿಡಿದು ಆದ ತೆಳು ಪದರ. ಅಕ್ಷರ ಓದುವವರಿಗೆ ಅದು ಉಪಕಾರವೇ ಸರಿ: ತಗ್ಗಿನಲ್ಲಿ ಕಪ್ಪು ನಿಂತಿರುತ್ತೆ, ಉಬ್ಬು ಹೊಳೆಯುತ್ತೆ. ಅದನ್ನು ಹಾಗೇ ಬಿಟ್ಟೆ.

ತೆಗೆಯಬೇಕಾದದ್ದು ಎಣ್ಣೆ ಜಿಡ್ಡು ಮತ್ತು ಕಿಲುಬು ಮಾತ್ರ. ಕುತ್ತಿಗೆಯಲ್ಲಿ ಹಾಕಿಕೊಂಡ ಪದಕ, ಎಣ್ಣೆ ಬೆವರು ಇದ್ದೇ ಇರುತ್ತೆ. ಒಂದು ಗಾಜಿನ ಬಾಟಲಿಯಲ್ಲಿ ಅಸಿಟೋನ್ ಹಾಕಿ ರಾತ್ರಿ ನೆನೆಸಿಟ್ಟೆ. ಅಸಿಟೋನ್ ಜಿಡ್ಡು ಕರಗಿಸುತ್ತೆ, ಲೋಹವನ್ನು ಮುಟ್ಟಲ್ಲ. ಬೇಗ ಬೆಂಕಿ ಹಿಡಿಯುವ ದ್ರವ ಅದು. ಒಲೆ, ದೀಪದ ಹತ್ತಿರ ಇಡಬಾರದು, ಕಿಟಕಿ ತೆರೆದಿರಬೇಕು. ಆಮೇಲೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಲ್ಲಿ ನೆನೆಸಿ, ಮೆತ್ತಗಾದ ಕಿಲುಬನ್ನು ನಿಂಬೆ ಗಿಡದ ಮುಳ್ಳಿನಿಂದ ಸ್ವಲ್ಪ ಸ್ವಲ್ಪವೇ ಎಬ್ಬಿಸಿದೆ. ಮುಳ್ಳು ಬೆಳ್ಳಿಗಿಂತ ಮೆದು, ಗೀರು ಬೀಳಲ್ಲ. ಸೂಜಿ ಖಂಡಿತ ಬೇಡ.

ಕಿಲುಬೂ ಒಂದು ಸುಳಿವು. ಶುದ್ಧ ಬೆಳ್ಳಿಗೆ ಹಸಿರು ಬರಲ್ಲ. ಹಸಿರು ಬಂದರೆ ಅಲ್ಲಿ ತಾಮ್ರ ಇದೆ ಅಂತ ಅರ್ಥ. ಕೊಡಗಿನ ಮಳೆಗಾಲದ ತೇವಕ್ಕೆ ಅದು ಬೇಗ ಎದ್ದು ಕಾಣುತ್ತೆ. ಆದರೆ ಮುರಿದ ಕೊಂಡಿಯಿಂದಲೂ ತಾಮ್ರ ಬಂದಿರಬಹುದು. ಹಾಗಾಗಿ ಇದನ್ನು ಸಾಕ್ಷಿ ಅಂತ ಹಿಡಿಯದೆ, ಅನುಮಾನ ಅಂತ ಮಾತ್ರ ಬರೆದಿಟ್ಟುಕೊಂಡೆ.

ದೇಶ

ಇದು ಸುಲಭ. ಕತ್ತಿ ಹಿಡಿದ ಸಿಂಹ, ಹಿಂದೆ ಸೂರ್ಯ ಅಂದರೆ ಇರಾನ್. ಆಗಿನವರ ಮಾತಲ್ಲಿ ಪರ್ಷಿಯಾ. ಕಜಾರ್ ದೊರೆಗಳ ನಾಣ್ಯದಲ್ಲೂ ಇದೇ ಗುರುತು, ಆಮೇಲೆ ಬಂದ ಪಹ್ಲವಿಗಳ ನಾಣ್ಯದಲ್ಲೂ ಇದೇ. 1979ರ ಕ್ರಾಂತಿಯ ನಂತರ ಸಿಂಹ ನಾಣ್ಯದಿಂದ ಹೋಯಿತು. ಅಲ್ಲಿಗೆ ದೇಶ ಸಿಕ್ಕಿತು, ಕಾಲ ಸಿಗಲಿಲ್ಲ.

ದೊರೆಯ ಹೆಸರು ಓದಿದ್ದರೆ ಇಷ್ಟೊತ್ತಿಗೆ ಕೆಲಸ ಮುಗಿದಿರುತ್ತಿತ್ತು. ಬೆಸುಗೆ ಮತ್ತು ಸವೆತದ ನಡುವೆ ಅದನ್ನು ನಂಬಿ ಓದುವಷ್ಟು ಉಳಿದಿಲ್ಲ.

ನಾಲ್ಕು ಅಂಕಿ, ಎಂಟು ವರ್ಷ

ಅರಬ್ಬಿ, ಪರ್ಷಿಯನ್ ಬರಹ ಬಲದಿಂದ ಎಡಕ್ಕೆ ಓಡುತ್ತೆ. ಆದರೆ ಅಂಕಿಗಳನ್ನು ನಮ್ಮ ಹಾಗೆಯೇ ಎಡದಿಂದ ಬಲಕ್ಕೆ ಓದಬೇಕು. ಇದು ಗೊತ್ತಿಲ್ಲದೆ ಹೋದರೆ ಇಸವಿ ತಲೆಕೆಳಗಾಗುತ್ತೆ. ಒಂದು ಅಂದರೆ ನೆಟ್ಟಗೆ ನಿಂತ ಗೆರೆ. ಎರಡು ಅಂದರೆ ಅದೇ ಗೆರೆಯ ತಲೆಗೆ ಬಲಕ್ಕೆ ಒಂದು ಬಾಗು. ಮೂರಕ್ಕೆ ಆ ಬಾಗಿನ ಜಾಗದಲ್ಲಿ ಎರಡು ಹಲ್ಲು. ನಾಲ್ಕು, ಐದು, ಆರು ಪರ್ಷಿಯನ್‌ನಲ್ಲಿ ಅರಬ್ಬಿಗಿಂತ ಬೇರೆ ಆಕಾರದಲ್ಲಿರುತ್ತವೆ, ಆದರೆ ಅವು ಇಲ್ಲಿ ಬರಲಿಲ್ಲ.

ಮೊದಲ ಎರಡು ಅಂಕಿ 1 ಮತ್ತು 3, ಅನುಮಾನವೇ ಇಲ್ಲ. ಕೊನೆಯ ಎರಡು ಒಂದೊಂದೂ ಎರಡಿರಬಹುದು ಅಥವಾ ಮೂರಿರಬಹುದು. ಅಂದರೆ 1322, 1323, 1332, 1333, ಇವುಗಳಲ್ಲಿ ಒಂದು.

ಇದರ ಜೊತೆಗೆ ಇನ್ನೊಂದು ತೊಡಕು. ಇರಾನ್‌ನಲ್ಲಿ ಹಿಜರಿ ಲೆಕ್ಕ ಎರಡು ಬಗೆ. ಹಳೆಯದು ಚಂದ್ರನ ಲೆಕ್ಕ, ವರ್ಷಕ್ಕೆ ಸುಮಾರು 354 ದಿನ. 1925ರಲ್ಲಿ ಸರ್ಕಾರ ಸೂರ್ಯನ ಲೆಕ್ಕಕ್ಕೆ ಬದಲಾಯಿತು. ಎರಡೂ ಒಂದೇ ಘಟನೆಯಿಂದ, ಪ್ರವಾದಿ ಮುಹಮ್ಮದರು ಮೆಕ್ಕಾ ಬಿಟ್ಟು ಮದೀನಾಕ್ಕೆ ಹೋದದ್ದರಿಂದ ಎಣಿಕೆ ಶುರು ಮಾಡುತ್ತವೆ, ಆದರೆ ಚಂದ್ರನ ವರ್ಷ ಚಿಕ್ಕದಾದ್ದರಿಂದ ಅದು ಮುಂದೆ ಓಡಿರುತ್ತೆ. ಹಾಗಾಗಿ ಒಂದೇ ಸಂಖ್ಯೆ ಎರಡು ಬೇರೆ ಕಾಲದಲ್ಲಿ ಬರುತ್ತೆ, ನಡುವೆ 39-40 ವರ್ಷ ಅಂತರ. ಒಂದು ಮನೆಯ ಎರಡು ತಲೆಮಾರಿನಷ್ಟೇ ಅಂತರ, ಅಲ್ವಾ?

ಲೆಕ್ಕ ಹೀಗೆ. ಚಂದ್ರನ ವರ್ಷ ಆದರೆ ಅದರಲ್ಲಿ ನೂರಕ್ಕೆ ಮೂರು ಕಳೆದು 622 ಕೂಡಿಸಬೇಕು. 1322ರಲ್ಲಿ ನೂರಕ್ಕೆ ಮೂರು ಅಂದರೆ ಸುಮಾರು 40. ಉಳಿದದ್ದು 1282, ಅದಕ್ಕೆ 622 ಸೇರಿದರೆ 1904. ಸೂರ್ಯನ ವರ್ಷ ಆದರೆ ಸುಮ್ನೆ 621 ಕೂಡಿಸಿದರೆ ಸಾಕು. ವರ್ಷ ಮಾರ್ಚ್‌ನಲ್ಲಿ ಶುರುವಾಗೋದರಿಂದ, ಜನವರಿಯಿಂದ ಮಾರ್ಚ್‌ವರೆಗಿನ ತಿಂಗಳಿಗೆ 622.

ನಾಲ್ಕು ಓದಿಗೂ ಎರಡೂ ಲೆಕ್ಕ ಹಾಕಿದೆ. 1322 ಆದರೆ 1904 ಅಥವಾ 1943. 1323 ಆದರೆ 1905 ಅಥವಾ 1944. 1332 ಆದರೆ 1914 ಅಥವಾ 1953. 1333 ಆದರೆ 1915 ಅಥವಾ 1954. ಒಟ್ಟು ಎಂಟು. 1914 ಮತ್ತು 1915 ನೋಡಿ ನನಗೇ ಎದೆ ಹೊಡೆದುಕೊಂಡಿತು. ಅಜ್ಜ ಯುದ್ಧಕ್ಕೆ ಹೋದ ಕಾಲ ಅದು.

ಇಲ್ಲಿ ಅಂಕಿಯನ್ನೇ ದಿಟ್ಟಿಸುತ್ತಾ ಕೂತರೆ ಕಣ್ಣು ನಮಗೆ ಬೇಕಾದ್ದನ್ನೇ ತೋರಿಸುತ್ತೆ. ಮನೆಯವರಲ್ಲಿ ಅರ್ಧ ಜನಕ್ಕೆ 32 ಕಂಡಿತು, ಇನ್ನರ್ಧಕ್ಕೆ 22. ಅದಕ್ಕೆ ನಾನು ಅಂಕಿಯನ್ನು ಪಕ್ಕಕ್ಕಿಟ್ಟೆ. ಮೊದಲು ನಾಣ್ಯದ ಉಳಿದ ಭಾಗ ಮಾತಾಡಲಿ, ಆಮೇಲೆ ಅಂಕಿ ನೋಡೋಣ ಅಂತ.

ಒಂದು ಪದ

ಬೆಲೆ ಬರೆದಿರುವ ಜಾಗ ಚೆನ್ನಾಗಿ ಉಳಿದಿತ್ತು. ಭೂತಗನ್ನಡಿ ಹಿಡಿದು ಅಕ್ಷರಮಾಲೆಯ ಜೊತೆ ಒಂದೊಂದೇ ಹೋಲಿಸಿದೆ. ರೇ, ಯೇ, ಅಲಿಫ್, ಲಾಮ್. ಸೇರಿಸಿದರೆ ರಿಯಾಲ್.

ಈ ಒಂದು ಪದ ಎಂಟರಲ್ಲಿ ನಾಲ್ಕನ್ನು ಹೊಡೆದು ಹಾಕಿತು. 1904-05ರಲ್ಲಿ ಆಳುತ್ತಿದ್ದವನು ಮೊಜಫ್ಫರುದ್ದೀನ್ ಷಾ. 1914-15ರಲ್ಲಿ ಅಹ್ಮದ್ ಷಾ. ಅವರ ಕಾಲದ ಬೆಳ್ಳಿ ನಾಣ್ಯಗಳ ಮೇಲೆ ಬೆಲೆ ದೀನಾರ್‌ಗಳಲ್ಲಿ ಇರುತ್ತೆ, ಸಾವಿರ ದೀನಾರ್, ಎರಡು ಸಾವಿರ ದೀನಾರ್ ಅಂತ. ಜನ ಅದನ್ನು ಕ್ರಾನ್ ಅನ್ನುತ್ತಿದ್ದರು. ಕ್ರಾನ್ ಹೋಗಿ ರಿಯಾಲ್ ಬಂದದ್ದು ಪಹ್ಲವಿ ದೊರೆ ರೆಜಾ ಷಾ ಕಾಲದಲ್ಲಿ, 1930ರ ದಶಕದ ಆರಂಭದಲ್ಲಿ. ಹಾಗಾಗಿ ಚಂದ್ರನ ಲೆಕ್ಕದ ನಾಲ್ಕೂ ವರ್ಷ ಹೋದವು. ಉಳಿದದ್ದು 1943, 1944, 1953, 1954.

ಅಜ್ಜನ ಪ್ರಶ್ನೆ ಅಲ್ಲಿಗೇ ಮುಗಿಯಿತು ಅಂತ ಬಿಡಬಹುದಿತ್ತು. ಆದರೆ ಒಂದೇ ಸಾಕ್ಷಿ ಮೇಲೆ ಒಬ್ಬರ ಅಜ್ಜನ ನೆನಪನ್ನು ಅಲ್ಲಗಳೆಯೋದು ನನಗೆ ಸರಿ ಅನ್ನಿಸಲಿಲ್ಲ. ಇನ್ನೊಂದು ಕಡೆಯಿಂದಲೂ ಇದೇ ಉತ್ತರ ಬರಬೇಕು.

ನೀರಿನ ಲೋಟ

ಇದು ನನಗೆ ಬಹಳ ಇಷ್ಟದ ಕೆಲಸ. ಲೋಹ ಯಾವುದು ಅಂತ ಗೀರದೆ, ಕಾಯಿಸದೆ, ಆಸಿಡ್ ಹಾಕದೆ ತಿಳಿಯಬಹುದು. ಬೇಕಾದದ್ದು 0.01 ಗ್ರಾಂವರೆಗೆ ತೋರಿಸುವ ಚಿಕ್ಕ ತಕ್ಕಡಿ, ಒಂದು ಲೋಟ ನೀರು, ತೆಳ್ಳಗಿನ ನೈಲಾನ್ ದಾರ, ದಾರ ತೂಗುಹಾಕಲು ಒಂದು ಆಸರೆ. ಆಸರೆಗೆ ಎರಡು ಪುಸ್ತಕದ ರಾಶಿ ಮಾಡಿ ಮೇಲೆ ಮರದ ಸ್ಕೇಲ್ ಇಟ್ಟೆ.

ಮೊದಲು ನಾಣ್ಯವನ್ನು ಹಾಗೇ ತೂಗಬೇಕು. ಆಮೇಲೆ ನೀರಿನ ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಬೇಕು. ನಾಣ್ಯವನ್ನು ದಾರದಲ್ಲಿ ಕಟ್ಟಿ ನೀರೊಳಗೆ ಇಳಿಬಿಡಬೇಕು. ಪೂರ್ತಿ ಮುಳುಗಿರಬೇಕು, ತಳಕ್ಕೂ ಗೋಡೆಗೂ ತಾಗಬಾರದು. ಆಗ ತಕ್ಕಡಿ ತೋರಿಸೋದು ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ. ನಾಣ್ಯದ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಸಿಕ್ಕಿತು.

ಗುಳ್ಳೆಗಳು ಶತ್ರು. ಒಂದು ಚಿಕ್ಕ ಗುಳ್ಳೆ ಅಂಟಿಕೊಂಡರೂ ಲೆಕ್ಕ ಕೆಡುತ್ತೆ. ನೀರನ್ನು ಕುದಿಸಿ ಆರಿಸಿಕೊಳ್ಳಿ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ. ಗುಳ್ಳೆ ನಿಲ್ಲಲ್ಲ.

ಗೊತ್ತಿಲ್ಲದ್ದನ್ನು ಅಳೆಯುವ ಮೊದಲು ಗೊತ್ತಿರುವುದನ್ನು ಅಳೆದೆ. ನಮ್ಮ 1962ರ ಒಂದು ರೂಪಾಯಿ ಶುದ್ಧ ನಿಕಲ್, ಹೊಸದಾಗಿದ್ದಾಗ 10 ಗ್ರಾಂ. ನನ್ನ ಹತ್ತಿರ ಇರುವುದು 9.97 ಗ್ರಾಂ. ನೀರಲ್ಲಿ 1.12 ತೋರಿಸಿತು. ಭಾಗಿಸಿದರೆ 8.9. ನಿಕಲ್‌ನ ಸಾಂದ್ರತೆ ಅದೇ. ಏರ್ಪಾಡು ನಂಬಬಹುದು ಅಂತಾಯಿತು. ಅದೇ ರೂಪಾಯಿ ಅಯಸ್ಕಾಂತಕ್ಕೆ ಟಪ್ ಅಂತ ಅಂಟುತ್ತೆ. ಸಿಂಹದ ನಾಣ್ಯ ಅಂಟಲಿಲ್ಲ.

ಈಗ ಸಿಂಹ. 7.94 ಗ್ರಾಂ, ನೀರಲ್ಲಿ 0.81. ಒರೆಸಿ, ಮತ್ತೆ ಕಟ್ಟಿ, ಮತ್ತೆ ಇಳಿಬಿಟ್ಟೆ. ಹಲವು ಸಲ ಮಾಡಿದರೂ 0.81, ಒಮ್ಮೊಮ್ಮೆ 0.80ಕ್ಕೂ 0.81ಕ್ಕೂ ನಡುವೆ ಓಲಾಡಿತು. ಸಾಂದ್ರತೆ 9.8ರ ಆಸುಪಾಸು.

ಇದಕ್ಕೆ ಅರ್ಥ ಏನು? ಶುದ್ಧ ಬೆಳ್ಳಿ 10.49. ತಾಮ್ರ 8.96. ಎರಡೂ ಬೆರೆತರೆ ನಡುವಿನ ಸಂಖ್ಯೆ. ಕಜಾರ್ ಕಾಲದ ಬೆಳ್ಳಿ ನೂರಕ್ಕೆ 90 ಪಾಲು, ಅದರ ಲೆಕ್ಕ 10.3 ಬರಬೇಕು. ನೂರಕ್ಕೆ 60 ಪಾಲು ಬೆಳ್ಳಿ, 40 ಪಾಲು ತಾಮ್ರ ಆದರೆ 9.82. ನಮಗೆ ಬಂದದ್ದು ಅದಕ್ಕೇ ಹೊಂದುತ್ತೆ. ರೆಜಾ ಷಾನ ಮಗ ಮೊಹಮ್ಮದ್ ರೆಜಾ ಷಾ ಯುದ್ಧಕಾಲದಲ್ಲಿ ಹೊರಡಿಸಿದ 5 ರಿಯಾಲ್ ನಾಣ್ಯ ನೂರಕ್ಕೆ 60 ಪಾಲು ಬೆಳ್ಳಿಯದು, 8 ಗ್ರಾಂ, 26 ಮಿಲಿಮೀಟರ್. ಮೂರೂ ಕೂಡಿಬಂತು. ಕಿಲುಬಿನ ಅನುಮಾನಕ್ಕೂ ಉತ್ತರ ಸಿಕ್ಕಿತು: ಈ ನಾಣ್ಯದಲ್ಲೇ ಬೇಕಾದಷ್ಟು ತಾಮ್ರ ಇದೆ.

1953 ಮತ್ತು 1954 ಕೂಡ ಇಲ್ಲೇ ಬಿದ್ದು ಹೋದವು. ಆ ಹೊತ್ತಿಗೆ 5 ರಿಯಾಲ್ ಬೆಳ್ಳಿಯಲ್ಲಿ ಬರುತ್ತಿರಲಿಲ್ಲ, ತಾಮ್ರ-ನಿಕಲ್ ಬೆರಕೆಯಲ್ಲಿ ಬರುತ್ತಿತ್ತು. ಅದರ ಸಾಂದ್ರತೆ 8.9ರ ಹತ್ತಿರ. ನಮ್ಮದು ಅಲ್ಲ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗೋಕೆ ಮನಸ್ಸು ಬರಲ್ಲ. ರೆಜಾ ಷಾ 1930ರ ದಶಕದ ಶುರುವಲ್ಲಿ ಹೊರಡಿಸಿದ 5 ರಿಯಾಲ್ 25 ಗ್ರಾಂ ತೂಗುತ್ತಿತ್ತು, ಅದರಲ್ಲಿ ಬೆಳ್ಳಿಯೇ 20.7 ಗ್ರಾಂ. ಮಗನ ಕಾಲದ 5 ರಿಯಾಲ್‌ನಲ್ಲಿ ಬೆಳ್ಳಿ 4.8 ಗ್ರಾಂ. ನಡುವೆ ಹೆಚ್ಚುಕಡಿಮೆ ಹನ್ನೆರಡು ವರ್ಷ. ಹೆಸರು ಅದೇ, ಅಂಕಿ ಅದೇ, ಬೆಳ್ಳಿ ಕಾಲುಭಾಗಕ್ಕಿಂತ ಕಡಿಮೆ. ಯುದ್ಧ ಆ ದೇಶಕ್ಕೆ ಏನು ಮಾಡಿತು ಅನ್ನೋದನ್ನು ಅಂಗೈಯಲ್ಲಿಟ್ಟು ತೂಗಿ ನೋಡಬಹುದು.

ಕೊನೆಯ ಅಂಕಿ

ಉಳಿದದ್ದು 1322 ಅಥವಾ 1323. ಈಗ ಬೆಳಕಿನ ಕೆಲಸ.

ಮಳೆಗಾಲದ ಬೆಳಕು ಇದಕ್ಕೆ ಬರಲ್ಲ. ಮೋಡದ ಬೆಳಕು ಎಲ್ಲಾ ಕಡೆಯಿಂದ ಸಮನಾಗಿ ಬೀಳುತ್ತೆ, ನೆರಳೇ ಹುಟ್ಟಲ್ಲ, ಸವೆದ ಉಬ್ಬು ಚಪ್ಪಟೆಯಾಗಿ ಕಾಣುತ್ತೆ. ಸಂಜೆ ಕರೆಂಟ್ ಹೋದಾಗ ಕೂತುಕೊಂಡೆ. ಮಳೆಗಾಲದಲ್ಲಿ ಅದಕ್ಕೇನು ಕಾಯಬೇಕಾಗಿಲ್ಲ. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಮೇಜಿನ ಮೇಲೆ ಮಲಗಿಸಿ, ಬೆಳಕು ನಾಣ್ಯದ ಮೈ ಸವರಿಕೊಂಡು ಹೋಗುವ ಹಾಗೆ ಇಟ್ಟೆ. ಫೋನನ್ನು ಪುಸ್ತಕಗಳ ಮೇಲೆ ಅಲುಗಾಡದಂತೆ ಕೂರಿಸಿದೆ. ಟಾರ್ಚ್ ಮುಟ್ಟದೆ ನಾಣ್ಯವನ್ನೇ ಸ್ವಲ್ಪ ಸ್ವಲ್ಪ ತಿರುಗಿಸಿ ಫೋಟೋ ತೆಗೆದೆ. ಬೆಳಕು ಮೇಲಿನಿಂದ ಬೀಳುವ ಹಾಗೆ ಫೋಟೋ ನೋಡಬೇಕು. ತಲೆಕೆಳಗೆ ನೋಡಿದರೆ ಉಬ್ಬು ತಗ್ಗಿನ ಹಾಗೆ ಕಾಣಿಸಿ ಮೋಸ ಆಗುತ್ತೆ.

ಮೂರನೇ ಅಂಕಿಗೆ ಒಂದೇ ಬಾಗು, ಅದು ಎರಡು. ಕೊನೆಯ ಅಂಕಿಗೂ ಒಂದೇ ಬಾಗು ಕಂಡಿತು. ಆದರೆ ಎರಡನೇ ಹಲ್ಲು ಸವೆದು ಹೋಗಿರಬಹುದಲ್ಲ? ಇದಕ್ಕೆ ಉತ್ತರ ನಾಣ್ಯದ ಮೇಲೇ ಇತ್ತು. ಎರಡನೇ ಅಂಕಿ ಮೂರು. ಓದೋಕೆ ಸ್ಪಷ್ಟ ಇದ್ದರೂ ಅದೂ ಸ್ವಲ್ಪ ಸವೆದಿದೆ, ಆದರೂ ಅದರ ಎರಡೂ ಹಲ್ಲಿಗೆ ನೆರಳು ಬೀಳುತ್ತೆ. ಒಂದೇ ಸಾಲಿನ ಅಂಕಿಗಳಲ್ಲಿ ಒಂದರ ಹಲ್ಲು ಉಳಿದು ಇನ್ನೊಂದರದು ಗುರುತೇ ಇಲ್ಲದೆ ಅಳಿಯೋದು ಕಷ್ಟ. ಬೆಳಕು ಯಾವ ದಿಕ್ಕಿನಿಂದ ಬಂದರೂ ಆ ಜಾಗದಲ್ಲಿ ನೆರಳಿಲ್ಲ.

ಖಚಿತಪಡಿಸಿಕೊಳ್ಳಲು ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಒಂದು ಚೂರು ನಾಣ್ಯದ ಮೇಲೆ ಹರಡಿ, ಮೆದು ರಬ್ಬರಿನಿಂದ ಒತ್ತಿದೆ. ಫಾಯಿಲ್ ಹೊಸ ಬೆಳ್ಳಿಯಂತೆ ಹೊಳೆಯೋದರಿಂದ ಕಪ್ಪಿನ ಗೊಂದಲ ಇಲ್ಲ, ಆಕಾರ ಮಾತ್ರ ಬರುತ್ತೆ. ಅಲ್ಲೂ ಒಂದೇ ಬಾಗು.

1322. ಸೂರ್ಯನ ಲೆಕ್ಕ. 1943ರ ಮಾರ್ಚ್‌ನಿಂದ 1944ರ ಮಾರ್ಚ್‌ವರೆಗಿನ ವರ್ಷ.

ಯಾರು ತಂದರು

1941ರ ಆಗಸ್ಟ್ 25ರಂದು ಬ್ರಿಟಿಷ್ ಮತ್ತು ಸೋವಿಯತ್ ಪಡೆಗಳು ಇರಾನ್‌ಗೆ ನುಗ್ಗಿದವು. ಇರಾಕ್ ಕಡೆಯಿಂದ ಹೋದದ್ದು ಮುಖ್ಯವಾಗಿ ಭಾರತೀಯ ಡಿವಿಷನ್‌ಗಳು, 8ನೆಯದು ಮತ್ತು 10ನೆಯದು. ಸೆಪ್ಟೆಂಬರ್‌ನಲ್ಲಿ ರೆಜಾ ಷಾ ಪಟ್ಟ ಬಿಟ್ಟು ಮಗ ಮೊಹಮ್ಮದ್ ರೆಜಾ ಕೂತ. ಬ್ರಿಟಿಷ್ ಪಡೆಗಳು ಅಲ್ಲಿಂದ ಪೂರ್ತಿ ಹೊರಟದ್ದು 1946ರ ಮಾರ್ಚ್‌ನಲ್ಲಿ. ನಮ್ಮ ಕೊಡಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರೂ 1941-42ರಲ್ಲಿ ಇರಾಕ್, ಸಿರಿಯಾ, ಇರಾನ್‌ನಲ್ಲಿ ಕೆಲಸ ಮಾಡಿದ್ದರು. ಈ ನಾಣ್ಯ ಹುಟ್ಟಿದ್ದು ಅವರು ಅಲ್ಲಿಂದ ಬಂದ ಮೇಲೆ.

ಮಾವನಿಗೆ ನಾನು ಹೇಳಿದ್ದು ಇಷ್ಟು. ಇದು ಅಜ್ಜ ಮೊದಲ ಯುದ್ಧದಿಂದ ತಂದದ್ದಲ್ಲ. ಆಗ ಈ ನಾಣ್ಯ ಹುಟ್ಟಿರಲೇ ಇಲ್ಲ. ಅಪ್ಪ ತಂದದ್ದು ಅನ್ನುವ ಮಾತು ಇಸವಿಗೆ ಹೊಂದುತ್ತೆ. ಆದರೆ ಇರಾನ್‌ನಲ್ಲೇ ಸಿಕ್ಕಿತೋ, ಬಸ್ರಾದ ಸಂತೆಯಲ್ಲಿ ಸಿಕ್ಕಿತೋ, ಜೊತೆಯ ಸಿಪಾಯಿ ಕೊಟ್ಟದ್ದೋ, ಅದನ್ನು ನಾಣ್ಯ ಹೇಳಲ್ಲ. ಅಪ್ಪನ ಸೇವಾ ದಾಖಲೆ ಬೇಕಿದ್ದರೆ ರೆಜಿಮೆಂಟಿನ ದಾಖಲೆ ಕಚೇರಿಗೆ ಬರೆಯಬೇಕು. ಟ್ರಂಕಿನಲ್ಲಿದ್ದ ಹಳೇ ಕಾಗದಗಳಲ್ಲಿ ಸೈನಿಕ ಸಂಖ್ಯೆ ಸಿಕ್ಕಿದೆ, ಪತ್ರ ಬರೆಯೋಕೆ ಕೂತಿದ್ದಾರೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಇದು ಅಪ್ಪಂದು" ಅಂದರು. ನನಗೂ ಗಂಟಲು ಕಟ್ಟಿತು.

ಕೊಂಡಿ

ಮತ್ತೆ ಬೆಸುಗೆ ಬೇಡ ಅಂತ ನಾನು ಗಟ್ಟಿಯಾಗಿ ಹೇಳಿದೆ. ಬೆಸೆಯುವ ಬಿಸಿಗೆ ಉಳಿದ ಅಕ್ಷರವೂ ಹಾಳಾಗುತ್ತೆ. ಹಳೇ ಬೆಸುಗೆಯ ಗಂಟನ್ನೂ ಕೀಳಬಾರದು, ಅದೂ ಈಗ ಈ ನಾಣ್ಯದ ಚರಿತ್ರೆಯೇ. ಬೆಸುಗೆ ಬಿದ್ದ ನಾಣ್ಯಕ್ಕೆ ಸಂಗ್ರಹಗಾರರು ಹೆಚ್ಚು ಬೆಲೆ ಕೊಡಲ್ಲ, ಆದರೆ ಇವರು ಮಾರುವವರಲ್ಲ.

ವಿರಾಜಪೇಟೆಯ ಅಕ್ಕಸಾಲಿಯೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಕೊಡವ ಹೆಂಗಸರು ಹಾಕುವ ಪದಕವಾದ ಪತ್ತಾಕ್‌ನಲ್ಲಿ ನಾಣ್ಯ ಕೂರಿಸಿ ಅಭ್ಯಾಸ ಇರುವವರು. ನಾಣ್ಯದ ಸುತ್ತ ಬೆಳ್ಳಿಯ ತೆಳು ಕಟ್ಟು, ಹಿಂದಿನಿಂದ ನಾಲ್ಕು ಪುಟ್ಟ ಹಿಡಿಕೆ, ಕೊಂಡಿ ಕಟ್ಟಿಗೆ ಮಾತ್ರ. ಹಿಡಿಕೆ ಬಿಡಿಸಿದರೆ ನಾಣ್ಯ ಹಾಗೇ ಹೊರಗೆ ಬರುತ್ತೆ. ಎರಡೂ ಮುಖ ತೆರೆದಿದೆ. ಕಟ್ಟಿನ ಕೆಲಸವನ್ನೆಲ್ಲ ನಾಣ್ಯ ದೂರ ಇಟ್ಟು ಮುಗಿಸಿ, ಕೊನೆಗೆ ತಣ್ಣಗೆ ಕೂರಿಸಿದರು.

ಹಾಕಿಕೊಳ್ಳದ ದಿನ ಹತ್ತಿ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳ ಇರುವ ಡಬ್ಬಿಯಲ್ಲಿಡಿ ಅಂತ ಹೇಳಿದ್ದೇನೆ. ಮೆದು ಪ್ಲಾಸ್ಟಿಕ್ ಚೀಲ ಬೇಡ, ಪಿವಿಸಿ ಬೆವರಿ ಮತ್ತೆ ಹಸಿರು ಎಬ್ಬಿಸುತ್ತೆ. ಡಬ್ಬಿಯೊಳಗೆ ಒಂದು ಚೀಟಿ ಇದೆ: ಇರಾನ್, 5 ರಿಯಾಲ್, 1322 ಸೂರ್ಯಮಾನ ಹಿಜರಿ, 1943-44, ಬೆಳ್ಳಿ ನೂರಕ್ಕೆ 60, ತೂಕ 7.94 ಗ್ರಾಂ. ಅದರ ಕೆಳಗೆ ಮಾವ ತಮ್ಮ ಅಪ್ಪನ ಹೆಸರು ಬರೆದರು.